ತಾತನ ಕೋಟು, ಕೊಡಗಿನ ಮಳೆ: ಹಳೇ ಕೋಟು-ಸೂಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದರೆ ಸಾಕು, ನನ್ನ ಫೋನು ಬಡಿದುಕೊಳ್ಳಲು ಶುರು. ಯಾರೋ ಅಟ್ಟದಿಂದ ಟ್ರಂಕು ಇಳಿಸಿರುತ್ತಾರೆ. ಒಳಗೆ ತಾತನ ಟ್ವೀಡ್ (ಒರಟು ಉಣ್ಣೆ ಬಟ್ಟೆ) ಕೋಟು, ಮಾವನ ಬ್ಲೇಜರ್, ಅಪ್ಪನ ಮದುವೆಯ ಮೂರು ಪೀಸಿನ ಸೂಟು. ಎಲ್ಲದರ ಮೇಲೂ ಬಿಳಿ ಬೂಷ್ಟು. "ಸೋಪಿನ ನೀರಲ್ಲಿ ನೆನೆ ಹಾಕ್ಲಾ?" ಎಂದು ಕೇಳುತ್ತಾರೆ. ಬೇಡ. ದಯವಿಟ್ಟು ಬೇಡ.

ನಾನು ಟೈಲರೂ ಅಲ್ಲ, ಡ್ರೈಕ್ಲೀನರೂ ಅಲ್ಲ. ಹಳೇ ಕೋಟಿನ ಹುಚ್ಚು ಹತ್ತಿಸಿಕೊಂಡು, ಒಂದೆರಡನ್ನು ಕೈಯಾರೆ ಹಾಳು ಮಾಡಿ ಕಲಿತವನು. ಕೊಡಗಿನಲ್ಲಿ ಕೊಳೆಯಾಗಿ ಹಾಳಾದ ಕೋಟನ್ನು ನಾನು ನೋಡಿದ್ದು ಕಮ್ಮಿ. ಥಂಡಿ ಹಿಡಿದು ಹಾಳಾದವು, ಅಕ್ಕರೆಯಿಂದ ಒಗೆದು ಹಾಳು ಮಾಡಿದವು ಬೇಕಾದಷ್ಟು. ಕೇಳಿದ್ದನ್ನೇ ಕೇಳುವವರಿಗೆ ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಟ್ರಂಕಿನಿಂದ ಈಗಷ್ಟೇ ಕೋಟು ತೆಗೆದೆ. ಮೊದಲು ಏನು ಮಾಡಬೇಕು?

ಮನೆಯೊಳಗೆ ಕೊಡವಬೇಡಿ. ಜಗಲಿಗೋ ಕಣಕ್ಕೋ ತೆಗೆದುಕೊಂಡು ಹೋಗಿ. ಕಾಲರ್ ಹಿಡಿದು ಎತ್ತಬೇಡಿ, ಎರಡೂ ಭುಜದ ಕೆಳಗೆ ಕೈ ಕೊಟ್ಟು ಎತ್ತಿ. ಹಳೇ ಹೊಲಿಗೆ ನೂಲು ಬಟ್ಟೆಗಿಂತ ಮೊದಲು ಸೋತಿರುತ್ತದೆ.

ಆಮೇಲೆ ಎಲ್ಲ ಜೇಬಿಗೂ ಕೈ ಹಾಕಿ. ನನ್ನ ತಾತನ ಕೋಟಿನಲ್ಲಿ ನಾಲ್ಕು ಕಾಫಿ ಬೀಜ ಮತ್ತು ಬಂದೂಕಿನ ಒಂದು ಖಾಲಿ ತೋಟಾ ಸಿಕ್ಕಿತ್ತು. ಜೇಬಿನ ಮೂಲೆಯಲ್ಲಿ ಮರಳಿನ ಹಾಗೆ ಸಣ್ಣ ಕಾಳು, ಬಿಳಿ ಬಲೆಯಂಥ ನೂಲು ಕಂಡರೆ ಅದು ನುಸಿಯ ಕೆಲಸ. ಅಂಥ ಕೋಟನ್ನು ತಕ್ಷಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಬೇರೆ ಬಟ್ಟೆಗಳಿಂದ ದೂರ ಇಡಿ. ಮುಂದಿನ ಕೆಲಸ ಕೆಳಗೆ ಹೇಳಿದ್ದೇನೆ.

ಬೂಷ್ಟು ಹಿಡಿದಿದೆ. ಹೋಗುತ್ತದಾ?

ಬಿಳಿ ಅಥವಾ ಬೂದು ಬಣ್ಣದ ಪುಡಿ ಆಗಿದ್ದರೆ ಬಹುತೇಕ ಹೋಗುತ್ತದೆ. ಕಪ್ಪು ಚುಕ್ಕೆಗಳಾಗಿ ಬಟ್ಟೆಗೇ ಇಳಿದಿದ್ದರೆ ಕಲೆ ಉಳಿಯುತ್ತದೆ. ಅದನ್ನು ಒಪ್ಪಿಕೊಂಡುಬಿಡಿ.

ಎಲ್ಲರೂ ಮಾಡುವ ತಪ್ಪು ಒಂದಿದೆ. ಒದ್ದೆ ಇರುವಾಗಲೇ ಬ್ರಷ್ ಹಾಕುವುದು. ಆಗ ಬೂಷ್ಟು ನೂಲಿನ ಒಳಕ್ಕೆ ಮೆತ್ತಿಕೊಳ್ಳುತ್ತದೆ. ಮೊದಲು ಪೂರ್ತಿ ಒಣಗಲಿ. ಬೆಳಗಿನ ಎಳೆ ಬಿಸಿಲಿನಲ್ಲಿ ಕೋಟನ್ನು ಒಳಹೊರಗು ಮಾಡಿ ಒಂದು ಗಂಟೆ ಹಾಕಿ, ಆಮೇಲೆ ಗಾಳಿ ಆಡುವ ನೆರಳಿಗೆ ತನ್ನಿ. ಇಡೀ ದಿನ ಬಿಸಿಲಿಗೆ ಬಿಟ್ಟರೆ ಭುಜದ ಬಣ್ಣ ಹೋಗುತ್ತದೆ. ಒಣಗಿದ ಮೇಲೆ ಹೊರಗೆ ನಿಂತು, ಮೂಗಿಗೆ ಮಾಸ್ಕ್ ಕಟ್ಟಿ, ಮೇಲಿನಿಂದ ಕೆಳಕ್ಕೆ ಬ್ರಷ್ ಮಾಡಿ. ಕಾಲರಿನ ಅಡಿ ಮತ್ತು ಜೇಬಿನ ಮುಚ್ಚಳದ ಅಡಿ ಮರೆಯಬೇಡಿ. ಬೂಷ್ಟು ಅಡಗಿ ಕೂರುವುದೇ ಅಲ್ಲಿ. ಉಬ್ಬಸ ಇರುವವರು ಈ ಕೆಲಸ ಬೇರೆಯವರಿಗೆ ಕೊಡಿ.

ಬ್ರಷ್ ಯಾವುದು? ನೈಲಾನ್ ಬೇಡ, ನಿಜವಾದ ಕೂದಲಿನದು ಬೇಕು. ಒಳ್ಳೆಯ ಕೋಟ್ ಬ್ರಷ್ ಹಂದಿಯ ಬಿರುಗೂದಲಿನದು. ಹಂದಿಯ ಉಪಯೋಗವನ್ನು ಕೊಡಗಿನವರಿಗೆ ನಾನು ಹೇಳಿಕೊಡಬೇಕಾ!

ಟ್ರಂಕಿನ ವಾಸನೆ ಹೋಗ್ತಾನೇ ಇಲ್ಲ.

ಮೊದಲ ಮದ್ದು ಗಾಳಿ. ಮೂರು ನಾಲ್ಕು ದಿನ ನೆರಳಿನಲ್ಲಿ ತೂಗುಹಾಕಿ. ಅರ್ಧ ವಾಸನೆ ಅದರಲ್ಲೇ ಹೋಗುತ್ತದೆ.

ಉಳಿದದ್ದಕ್ಕೆ ನಾಟಕದ ವೇಷಭೂಷಣದವರು ಬಳಸುವ ಹಳೇ ಉಪಾಯ ಇದೆ: ವೋಡ್ಕಾ. ಸ್ಪ್ರೇ ಬಾಟಲಿಗೆ ಹಾಕಿ, ಕಂಕುಳ ಭಾಗಕ್ಕೆ ಒಳಗಿನಿಂದ ತೆಳ್ಳಗೆ ಸಿಂಪಡಿಸಿ, ಒಣಗಲು ಬಿಡಿ. ಅದರಲ್ಲಿರುವ ಸುಮಾರು 40 ಶೇಕಡಾ ಆಲ್ಕೋಹಾಲ್ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ, ತಾನು ಆರಿಹೋಗುತ್ತದೆ. ಮೊದಲು ಒಳಗಡೆ ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ನೋಡಿ, ಕೆಲವು ಲೈನಿಂಗ್ ಬಣ್ಣ ಬಿಡುತ್ತವೆ. ಕ್ಯಾಂಟೀನ್ ಕೋಟಾದ ರಮ್ ಇದೆ, ಅದನ್ನೇ ಹಾಕಬಹುದಾ ಎಂದು ಇಬ್ಬರು ನಿವೃತ್ತ ಸೈನಿಕರು ಕೇಳಿದ್ದಾರೆ. ರಮ್ ಕೋಟಿಗೆ ಬೇಡ, ಕಲೆ ಆಗುತ್ತದೆ. ಉಳಿದದ್ದು ನಿಮ್ಮಿಷ್ಟ.

ಸೆಂಟು ಹೊಡೆದು ವಾಸನೆ ಮುಚ್ಚಲು ಹೋಗಬೇಡಿ. ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ.

ಮನೆಯಲ್ಲೇ ಒಗೆಯಬಹುದಾ?

ಹತ್ತಿ, ಲಿನನ್, ಕಾರ್ಡುರಾಯ್ ಜಾಕೆಟ್ಟು ಒಳಗೆ ಏನೂ ಇಲ್ಲದೆ ಸಾದಾ ಆಗಿದ್ದರೆ ತಣ್ಣೀರಲ್ಲಿ ಮೆಲ್ಲಗೆ ಒಗೆಯಬಹುದು. ಉಣ್ಣೆಯ ಕೋಟನ್ನು ಒಗೆಯಬೇಡಿ.

ಕಾರಣ ಕೋಟಿನ ಹೊಟ್ಟೆಯಲ್ಲಿದೆ. ಹೊರಗೆ ಕಾಣುವುದು ಉಣ್ಣೆ, ಒಳಗೆ ಕಾಣುವುದು ಲೈನಿಂಗ್. ಇವೆರಡರ ನಡುವೆ, ಎದೆಯ ಭಾಗದಲ್ಲಿ, ಕ್ಯಾನ್ವಾಸ್ ಎಂಬ ಮೂರನೆಯ ಪದರ ಇದೆ. ಹಳೇ ಒಳ್ಳೆಯ ಕೋಟುಗಳಲ್ಲಿ ಅದನ್ನು ಹತ್ತಿ, ಲಿನನ್ ಅಥವಾ ಉಣ್ಣೆ ನೂಲಿನಲ್ಲಿ ನೇಯ್ದು, ಜೊತೆಗೆ ಕುದುರೆ ಕೂದಲು ಸೇರಿಸುತ್ತಿದ್ದರು. ಅದನ್ನು ಸಾವಿರಾರು ಸಣ್ಣ ಹೊಲಿಗೆಗಳಿಂದ ಉಣ್ಣೆಗೆ ಹಿಡಿಸುತ್ತಾರೆ. ಲ್ಯಾಪೆಲ್ (ಕಾಲರಿನ ಕೆಳಗೆ ಎದೆಯ ಮೇಲೆ ಮಡಚಿ ಬಿದ್ದಿರುವ ಪಟ್ಟಿ) ಚಪ್ಪಟೆಯಾಗಿ ಮಲಗದೆ ತುಸು ಉಬ್ಬಿ ಸುತ್ತಿಕೊಳ್ಳುವುದು ಅದರಿಂದಲೇ. ನೀರಿಗೆ ಹಾಕಿದಾಗ ಈ ಮೂರು ಪದರಗಳೂ ಮೂರು ರೀತಿ ಕುಗ್ಗುತ್ತವೆ. ಒಣಗಿದ ಮೇಲೆ ಎದೆ ಸುಕ್ಕು, ಲ್ಯಾಪೆಲ್ ಹಪ್ಪಳ.

ನನ್ನ ಮೊದಲ ಬಲಿ ದೊಡ್ಡಪ್ಪನ ಕಂದು ಟ್ವೀಡ್. ಬಿಸಿ ನೀರು, ಸೋಪಿನ ಪುಡಿ, ಒಗೆಯುವ ಕಲ್ಲು. ಮೂರೂ ಮಾಡಿದೆ. ಉಣ್ಣೆಯ ಎಳೆಗಳಿಗೆ ಮೀನಿನ ಮೈಯಂತೆ ಪೊರೆಗಳಿವೆ. ಬಿಸಿ, ಸೋಪು ಮತ್ತು ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಟ್ಟೆ ಕಂಬಳಿಯಾಗುತ್ತದೆ. ಆ ಕೋಟು ಕೊನೆಗೆ ನಮ್ಮ ನಾಯಿಗೆ ಸರಿಹೋಯಿತು. ಇನ್ನೂ ಒಂದು ವಿಷಯ. ಮಾಮೂಲಿ ಸೋಪಿನ ಪುಡಿಗಳಲ್ಲಿ ಪ್ರೋಟೀನ್ ಕರಗಿಸುವ ಎಂಜೈಮ್ ಇರುತ್ತದೆ, ರಕ್ತ, ಸಾರು ತೆಗೆಯಲು. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನೇ ಅಲ್ವಾ?

ನನ್ನ ಕೋಟಿನೊಳಗೆ ಕ್ಯಾನ್ವಾಸ್ ಇದೆಯಾ, ಅಂಟಾ? ಹೇಗೆ ಗೊತ್ತಾಗುತ್ತದೆ?

ಕೆಳಗಿನ ಕಾಜಾದಿಂದ ಸ್ವಲ್ಪ ಕೆಳಗೆ, ಹೊರಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಒಳಬದಿಯ ಬಟ್ಟೆ ಹಿಡಿದು ಎರಡನ್ನೂ ಮೆಲ್ಲಗೆ ದೂರ ಎಳೆಯಿರಿ. ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಓಡಾಡಿದರೆ ಕ್ಯಾನ್ವಾಸ್. ಏನೂ ಸಿಗದೆ ಹೊರಬಟ್ಟೆಯೇ ದಪ್ಪಗೆ ಗಟ್ಟಿಯಾಗಿದ್ದರೆ ಅಂಟಿಸಿದ್ದು, ಅಂದರೆ ಒಳಪದರವನ್ನು ಹೊಲಿಯುವ ಬದಲು ಹೊರಬಟ್ಟೆಗೆ ಅಂಟು ಹಾಕಿ ಕೂರಿಸಿದ್ದು. ಅಂಟಿಸಿದ್ದಕ್ಕೆ ಜಾಸ್ತಿ ಬಿಸಿ, ಜಾಸ್ತಿ ಸ್ಟೀಮ್ ಕೊಟ್ಟರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ. ಆ ಗುಳ್ಳೆ ರಿಪೇರಿ ಆಗುವುದಿಲ್ಲ.

ಹಾಗಾದರೆ ಡ್ರೈಕ್ಲೀನ್ ಮಾಡಿಸುವುದಾ? ಎಷ್ಟು ಸಲ?

ವರ್ಷಕ್ಕೆ ಒಂದು ಸಲ. ಕಲೆ ಆಗಿಲ್ಲದಿದ್ದರೆ ಅದೂ ಬೇಡ. "ಡ್ರೈ" ಎಂದರೆ ನೀರಿಲ್ಲ ಅಂತ ಅಷ್ಟೇ, ಬಟ್ಟೆ ದ್ರಾವಕದಲ್ಲಿ ಪೂರ್ತಿ ಮುಳುಗುತ್ತದೆ. ಹೆಚ್ಚಾಗಿ ಪರ್ಕ್ಲೋರೋಎಥಿಲೀನ್ ಅಥವಾ ಪೆಟ್ರೋಲಿಯಂ ದ್ರಾವಕ. ನಮ್ಮ ಕಡೆ ಪೆಟ್ರೋಲ್ ವಾಶ್ ಎಂಬ ಹೆಸರು ಬಂದದ್ದು ಇದರಿಂದಲೇ. ಪ್ರತಿ ಸಲ ಉಣ್ಣೆಯ ಸಹಜ ಜಿಡ್ಡು ಒಂದಿಷ್ಟು ಹೋಗಿ ಬಟ್ಟೆ ಒಣಕಲಾಗುತ್ತದೆ. ಹೆಸರು ಕೇಳಿ ಬಂಕಿನ ಪೆಟ್ರೋಲ್ ತಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಅದರ ಆವಿಗೆ ಒಂದು ಕಿಡಿ ಸಾಕು.

ಕೊಡುವ ಮೊದಲು ಕಲೆಗಳನ್ನು ತೋರಿಸಿ, ಅದು ಯಾವುದರ ಕಲೆ ಎಂದು ಹೇಳಿ. ಎಣ್ಣೆ ಕಲೆಗೆ ದ್ರಾವಕ ಸಾಕು. ಸಕ್ಕರೆ, ಬೆವರು, ಕಾಫಿ ಕಲೆಗೆ ನೀರಿನ ಕೆಲಸ ಬೇಕು. ಸೂಟಾದರೆ ಕೋಟು, ಪ್ಯಾಂಟು, ವೇಸ್ಟ್‌ಕೋಟು ಮೂರನ್ನೂ ಒಟ್ಟಿಗೇ ಕೊಡಿ. ಬರೀ ಪ್ಯಾಂಟು ನಾಲ್ಕು ಸಲ ಹೋದರೆ ಎರಡೂ ಬೇರೆ ಬೇರೆ ಬಣ್ಣ ಆಗುತ್ತವೆ.

ಬಟನ್ ವಿಷಯ ನಾನು ಅನುಭವಿಸಿದ್ದು. ಒಂದು ಸಲ ಕೋಟು ವಾಪಸ್ ಬಂದಾಗ ಮೂರು ಚರ್ಮದ ಬಟನ್ನಿನ ಜಾಗದಲ್ಲಿ ಮೂರು ಪ್ಲಾಸ್ಟಿಕ್ ಬಟನ್ ಇತ್ತು. ಕೇಳಿದರೆ "ಹೊಸದು ಹಾಕಿಕೊಟ್ಟಿದ್ದೇವಲ್ಲ" ಎಂದರು. ಅವತ್ತಿನಿಂದ ಹಳೇ ಬಟನ್‌ಗಳನ್ನು ಮನೆಯಲ್ಲೇ ಬಿಚ್ಚಿಟ್ಟು ಕಳಿಸುತ್ತೇನೆ. ಕೆಲವು ಹಳೇ ಪ್ಲಾಸ್ಟಿಕ್ ಬಟನ್ ದ್ರಾವಕಕ್ಕೆ ಮೆತ್ತಗಾಗುತ್ತವೆ ಕೂಡ.

ಕಲೆಗೆ ಏನು ಮಾಡಲಿ?

ಮೊದಲ ಮಾತು, ಉಜ್ಜಬೇಡಿ. ಬಿಳಿ ಹತ್ತಿ ಬಟ್ಟೆಯಿಂದ ಒತ್ತಿ ಹೀರಿಸಿ. ಇನ್ನು ನಮ್ಮೂರಿನ ಕಲೆಗಳಿಗೆ ಬರೋಣ.

ಪಂದಿಕರಿ, ಅಂದರೆ ಹಂದಿ ಮಾಂಸದ ಸಾರು. ಮದುವೆ ಮನೆಯಲ್ಲಿ ತೋಳಿನ ತುದಿಗೆ ಇದು ತಗಲದ ಕೋಟು ಕೊಡಗಿನಲ್ಲಿ ಇಲ್ಲ. ಮುಖ್ಯ ತೊಂದರೆ ಕೊಬ್ಬು. ಟಾಲ್ಕಂ ಪೌಡರ್ ಇಲ್ಲವೇ ಕಾರ್ನ್‌ಫ್ಲೋರನ್ನು ದಪ್ಪಗೆ ಹಾಕಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ಬ್ರಷ್ ಮಾಡಿ. ಎರಡು ಮೂರು ಸಲ ಬೇಕಾಗಬಹುದು. ಉಳಿದ ಕಪ್ಪು ಬಣ್ಣವನ್ನು ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತಟ್ಟಿ. ಯಾರೋ ಕಲೆಗೆ ವಿನೆಗರ್ ಒಳ್ಳೆಯದೆಂದು ಓದಿ ಕಾಚಂಪುಳಿ (ನಮ್ಮ ಅಡುಗೆಯ ಹುಳಿ) ಹಚ್ಚಿದ್ದರು. ಹುಳಿಯೇನೋ ಹುಳಿಯೇ. ಆದರೆ ಅದು ಕಪ್ಪಗಿದೆ ಸ್ವಾಮಿ! ಹೇಳಿದ್ದು ಬಿಳಿ ವಿನೆಗರ್.

ಅರಿಶಿನ. ಸೋಪು ಹಚ್ಚಿದರೆ ಕೆಂಪಾಗುತ್ತದೆ, ಹೆದರಬೇಡಿ. ಅದು ಕ್ಷಾರಕ್ಕೆ ತಿರುಗುವ ಬಣ್ಣ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗುವುದಿಲ್ಲ. ಕಲೆ ಇರುವ ಜಾಗ ಮಾತ್ರ ಬಿಸಿಲಿಗೆ ಕಾಣುವ ಹಾಗೆ ಮಡಿಸಿ, ಉಳಿದದ್ದನ್ನು ಮುಚ್ಚಿ, ಸ್ವಲ್ಪ ಸ್ವಲ್ಪ ಹೊತ್ತು ಇಟ್ಟರೆ ಮಂಕಾಗುತ್ತಾ ಬರುತ್ತದೆ.

ಜಿಗಣೆ ಕಚ್ಚಿದ ರಕ್ತ. ತಣ್ಣೀರು ಮಾತ್ರ. ಬಿಸಿ ನೀರು ರಕ್ತವನ್ನು ಬಟ್ಟೆಗೆ ಬೇಯಿಸಿಬಿಡುತ್ತದೆ.

ಕೊಡವರ ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದ್ ಸೊಪ್ಪಿನ ಪಾಯಸ ಮಾಡುವ ದಿನ. ಅದರ ನೇರಳೆ ಬಣ್ಣ ಕೋಟಿನಿಂದ ತೆಗೆಯುವುದು ನನಗಂತೂ ಆಗಿಲ್ಲ. ಅವತ್ತು ಕೋಟು ಹಾಕಿಕೊಂಡು ಪಾಯಸಕ್ಕೆ ಕೂರಬೇಡಿ, ಅಷ್ಟೇ.

ನುಸಿ ಹೊಡೆದಿದೆ. ನುಸಿ ಗುಳಿಗೆ ಹಾಕಿದರೆ ಸಾಕಲ್ವಾ?

ಹಾರಾಡುವ ಸಣ್ಣ ಬಂಗಾರದ ಬಣ್ಣದ ಪತಂಗ ಬಟ್ಟೆ ತಿನ್ನುವುದಿಲ್ಲ. ಅದಕ್ಕೆ ತಿನ್ನುವ ಬಾಯಿಯೇ ಇಲ್ಲ. ತಿನ್ನುವುದು ಅದರ ಮರಿಹುಳ. ಅದಕ್ಕೆ ಉಣ್ಣೆ, ರೇಷ್ಮೆ, ತುಪ್ಪಳ ಇಷ್ಟ. ಬೆವರು, ಸಾರಿನ ಕಲೆ ಇದ್ದರೆ ಇನ್ನೂ ಇಷ್ಟ. ಕತ್ತಲು, ಅಲುಗಾಡದ ಜಾಗ ಬೇಕು. ಹತ್ತು ವರ್ಷ ತೆಗೆಯದ ಟ್ರಂಕು ಅದಕ್ಕೆ ಅರಮನೆ. ತಿಂಗಳಿಗೊಮ್ಮೆ ಹಾಕಿಕೊಳ್ಳುವ ಕೋಟಿಗೆ ನುಸಿ ಹೊಡೆದದ್ದು ನಾನು ನೋಡಿಲ್ಲ.

ಹುಳ ಇದೆ ಎಂದು ಗೊತ್ತಾದರೆ ಫ್ರೀಜರ್ ಉಪಾಯ ಮಾಡಿ. ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ, ಬಿಗಿಯಾಗಿ ಮುಚ್ಚಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣಗಿನ ಬಟ್ಟೆಯ ಮೇಲೆ ಹನಿ ಕಟ್ಟಿ ಮತ್ತೆ ಬೂಷ್ಟು. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋಯಿತೋ, ಎರಡು ವಾರದ ಲೆಕ್ಕ ಮತ್ತೆ ಒಂದರಿಂದ. ಫ್ರೀಜರಿನಲ್ಲಿ ಮಾಂಸದ ಪಕ್ಕ ತಾತನ ಕೋಟು ನೋಡಿ ಮನೆಯವರು ಏನಂದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ನುಸಿ ಗುಳಿಗೆ, ಅಂದರೆ ನ್ಯಾಫ್ತಲೀನ್, ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ತುಂಬಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಗಾಳಿ ಆಡುವ ಬೀರುವಿನಲ್ಲಿ ನಾಲ್ಕು ಗುಳಿಗೆ ಎಸೆದರೆ ವಾಸನೆ ನಮಗೆ, ಊಟ ಹುಳಕ್ಕೆ. ಕರ್ಪೂರವನ್ನೂ ನ್ಯಾಫ್ತಲೀನನ್ನೂ ಒಟ್ಟಿಗೆ ಇಡಬೇಡಿ. ಎರಡೂ ತಗಲಿದರೆ ಕರಗಿ ನೀರಾಗಿ ಬಟ್ಟೆಗೆ ಎಣ್ಣೆ ಕಲೆ ಮಾಡುತ್ತವೆ. ಹಸುಗೂಸು ಇರುವ ಮನೆಯಲ್ಲಿ ನ್ಯಾಫ್ತಲೀನ್ ಬೇಡವೇ ಬೇಡ. ಜಿ6ಪಿಡಿ ಎಂಬ ಎಂಜೈಮಿನ ಕೊರತೆ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣ ಒಡೆಯುತ್ತದೆ. ಕಾಳುಮೆಣಸು, ಲವಂಗ, ಲಾವಂಚದ ಬೇರು? ಪರಿಮಳ ಚೆನ್ನಾಗಿರುತ್ತದೆ. ಹುಳ ಸಾಯುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಟನ್ನು ಹೇಗೆ ಇಡುವುದು?

ಇದೇ ನಿಜವಾದ ಪ್ರಶ್ನೆ. ಕುಶಾಲನಗರದ ಕಡೆಯವರಿಗೆ ಅಷ್ಟು ಕಷ್ಟ ಇಲ್ಲ, ಅಲ್ಲಿ ಮಳೆ ತುಂಬಾ ಕಮ್ಮಿ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಹೇಳುತ್ತಿದ್ದೇನೆ. ಗಾಳಿಯ ತೇವ 65-70 ಶೇಕಡಾ ದಾಟಿದ ಮೇಲೆ ಬೂಷ್ಟಿಗೆ ಬೇರೇನೂ ಬೇಕಿಲ್ಲ. ನಮ್ಮಲ್ಲಿ ಜುಲೈಯಲ್ಲಿ ಅದಕ್ಕಿಂತ ಇಳಿಯುವುದೇ ಅಪರೂಪ.

ಹಳಬರು ಬೀರುವಿನ ಒಳಗೆ ಒಂದು ಬಲ್ಬ್ ಉರಿಸುತ್ತಿದ್ದರು. ಗಾಳಿ ನಾಲ್ಕೈದು ಡಿಗ್ರಿ ಬೆಚ್ಚಗಾದರೂ ಸಾಕು, ತೇವದ ಪ್ರಮಾಣ ಇಳಿಯುತ್ತದೆ. ಲೆಕ್ಕ ಸರಿಯಾಗಿತ್ತು. ಈಗ ಏನಾಗಿದೆ ಎಂದರೆ, ಬಲ್ಬ್ ಹೋದಾಗ ಎಲ್ಲರೂ ಎಲ್‌ಇಡಿ ಹಾಕಿದರು. ಎಲ್‌ಇಡಿ ಅಷ್ಟು ಬಿಸಿಯಾಗುವುದೇ ಇಲ್ಲ! "ಬಲ್ಬ್ ಉರೀತಾ ಇದೆ, ಆದರೂ ಬೂಷ್ಟು" ಎನ್ನುವವರ ಮನೆಗೆ ಹೋಗಿ ನೋಡಿದರೆ ಅಲ್ಲಿ ಬೆಳಕು ಮಾತ್ರ ಇರುತ್ತದೆ. ಹಳೇ ಕಾಲದ ತಂತಿ ಬಲ್ಬೇ ಬೇಕು, 25 ವ್ಯಾಟ್ ಸಾಕು. ಸುತ್ತ ತಂತಿಯ ಬೋನು ಹಾಕಿ, ಬಟ್ಟೆಯಿಂದ ಒಂದಡಿ ದೂರ ಇರಲಿ. ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿ.

ದುಡ್ಡಿದ್ದರೆ ತೇವ ಹೀರುವ ಡಿಹ್ಯೂಮಿಡಿಫೈಯರ್ ತನ್ನಿ. ಇಲ್ಲದಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ. ಅದು ನೀರು ಹಿಡಿದು ತುಂಬಿಕೊಳ್ಳುತ್ತದೆ. ಡಬ್ಬಿಯನ್ನು ಕೋಟಿನ ಕೆಳಗೆ ಉರುಳದ ಹಾಗೆ ಇಡಿ, ಆ ನೀರು ತಗಲಿದರೆ ಬಟ್ಟೆ ಹಾಳು. ಬೀರುವನ್ನು ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ.

ಹ್ಯಾಂಗರ್ ಅಗಲ ಭುಜದ ಮರದ್ದೇ ಆಗಬೇಕು. ತಂತಿಯ ಹ್ಯಾಂಗರ್ ಭುಜದಲ್ಲಿ ಕೊಂಬು ಎಬ್ಬಿಸುತ್ತದೆ. ಡ್ರೈಕ್ಲೀನರ್ ಕೊಟ್ಟ ಪ್ಲಾಸ್ಟಿಕ್ ಕವರ್ ಮನೆಗೆ ಬಂದ ಕೂಡಲೇ ಕಿತ್ತೆಸೆಯಿರಿ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹಳೇ ಪಂಚೆಯಿಂದ ಗವಸು ಹೊಲಿಸಿ. ಒಲೆಯ ಮೇಲೆ, ಹೊಗೆಯಲ್ಲಿ ಒಣಗಿಸಬೇಡಿ. ಬಿದಿರಿನ ಬುಟ್ಟಿ ಕವುಚಿ ಕೆಂಡದ ಮೇಲೆ ಮಗುವಿನ ಬಟ್ಟೆ ಒಣಗಿಸುವುದು ಸರಿ. ಕೋಟಿಗೆ ಹೊಗೆ ವಾಸನೆ ಹಿಡಿದರೆ ಮುಂದಿನ ಮಳೆಗಾಲದವರೆಗೂ ಬಿಡುವುದಿಲ್ಲ.

ಇಸ್ತ್ರಿ ಹಾಕಿದ ಮೇಲೆ ಮೊಣಕೈ ಹತ್ತಿರ ಹೊಳೆಯುತ್ತಿದೆ.

ಉಣ್ಣೆಗೆ ನೇರವಾಗಿ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಿದರೆ ಎಳೆಗಳು ಚಪ್ಪಟೆಯಾಗಿ ಹೊಳೆಯುತ್ತವೆ. ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ. ಎಳೆದಾಡಬೇಡಿ. ಹೊಳಪು ಬಂದಾಗಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಸೇರಿಸಿ ತಟ್ಟಿ, ಸ್ಟೀಮ್ ಕೊಟ್ಟು ಬ್ರಷ್ ಮಾಡಿ. ಸ್ವಲ್ಪ ತಗ್ಗುತ್ತದೆ. ಬಟ್ಟೆಯೇ ಸವೆದು ಬಂದ ಹೊಳಪಾದರೆ ಹೋಗುವುದಿಲ್ಲ, ಮೊಣಕೈಗೆ ಚರ್ಮದ ತೇಪೆ ಹಾಕಿಸಿ. ನಿಜ ಹೇಳಬೇಕೆಂದರೆ ಕೋಟಿಗೆ ಇಸ್ತ್ರಿ ಬೇಕಾಗುವುದೇ ಕಮ್ಮಿ. ಸ್ನಾನದ ಮನೆಯಲ್ಲಿ ಬಿಸಿನೀರಿನ ಹಬೆ ಇರುವಾಗ ಹತ್ತು ನಿಮಿಷ ತೂಗುಹಾಕಿ, ಆಮೇಲೆ ಒಣಗಲು ಬಿಟ್ಟರೆ ಸಣ್ಣ ಸುಕ್ಕು ತಾನೇ ಬಿಚ್ಚಿಕೊಳ್ಳುತ್ತದೆ.

ತಾತ ದಪ್ಪ ಇದ್ದರು, ನಾನು ಸಣ್ಣ. ಟೈಲರ್ ಸರಿ ಮಾಡಬಹುದಾ?

ಭುಜ ಸರಿ ಕೂತರೆ ಮಿಕ್ಕದ್ದೆಲ್ಲ ಆಗುತ್ತದೆ. ಭುಜ ಜೋತು ಬಿದ್ದರೆ ಬಿಟ್ಟುಬಿಡಿ, ಅಥವಾ ನಿಮಗಿಂತ ದೊಡ್ಡ ಮೈಯ ತಮ್ಮನಿಗೆ ಕೊಡಿ. ಸೊಂಟ ಹಿಡಿಸುವುದು ಸುಲಭ. ತೋಳು ಗಿಡ್ಡ ಮಾಡುವುದೂ ಸುಲಭ. ಉದ್ದ ಮಾಡಬೇಕೆಂದರೆ ಒಳಗೆ ಮಡಚಿದ ಬಟ್ಟೆ ಎಷ್ಟಿದೆ ಎಂದು ಮೊದಲು ಬೆರಳಲ್ಲಿ ಮುಟ್ಟಿ ನೋಡಿ. ಹಳೇ ಟೈಲರ್‌ಗಳು ಧಾರಾಳವಾಗಿ ಬಿಡುತ್ತಿದ್ದರು. ಆದರೆ ಹಳೇ ಮಡಿಕೆಯ ಗೆರೆ ಕಾಣಬಹುದು. ಕೋಟಿನ ಉದ್ದ ಕತ್ತರಿಸಬೇಡಿ, ಜೇಬುಗಳು ನೆಲಕ್ಕೆ ಹತ್ತಿರ ಬಂದ ಹಾಗೆ ಕಾಣುತ್ತದೆ. ಕತ್ತರಿಸಿ ತೆಗೆದ ಚೂರು ಬಟ್ಟೆಯನ್ನು ಟೈಲರ್ ಹತ್ತಿರ ಕೇಳಿ ವಾಪಸ್ ತೆಗೆದುಕೊಳ್ಳಿ. ಮುಂದೆ ರಫೂ ಮಾಡಿಸಲು, ಅಂದರೆ ತೂತನ್ನು ಅದೇ ಎಳೆಯಿಂದ ನೇಯಿಸಲು, ಅದೇ ಬೇಕು.

ಲೈನಿಂಗ್ ಹರಿದು ಚಿಂದಿಯಾಗಿದೆ.

ಬದಲಾಯಿಸಿ. ಲೈನಿಂಗ್ ಇರುವುದೇ ಸವೆಯಲು. ವಿಸ್ಕೋಸ್ ಅಥವಾ ಹತ್ತಿ ಬೀಜದ ನವಿರಿನಿಂದ ಮಾಡುವ ಕ್ಯುಪ್ರೋ ಸಿಕ್ಕರೆ ಅದು. ಅಗ್ಗದ ಪಾಲಿಯೆಸ್ಟರ್ ಸ್ಯಾಟಿನ್ ಹಾಕಿಸಿದರೆ ಒಳಗೆ ಬೆವರು ಹರಿಯುತ್ತದೆ. ಒಳಜೇಬು ಮತ್ತು ಹಳೇ ಟೈಲರ್‌ನ ಲೇಬಲ್ ಎರಡನ್ನೂ ಬಿಚ್ಚಿ ಹೊಸದಕ್ಕೆ ಹೊಲಿಯಲು ಮೊದಲೇ ಹೇಳಿ.

ಕೋಟು ಎಷ್ಟು ಹಳೆಯದೆಂದು ಹೇಗೆ ತಿಳಿಯುವುದು?

ಲೇಬಲ್ ಓದಿ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಮೈಸೂರು ರಾಜ್ಯ ಎಂದಿದ್ದರೆ ಬಹುಶಃ 1973ರ ನವೆಂಬರ್‌ಗಿಂತ ಹಿಂದಿನದು. ಊರಿನ ಹೆಸರು ಮರ್ಕರಾ (ಮಡಿಕೇರಿಯ ಹಳೇ ಇಂಗ್ಲಿಷ್ ಹೆಸರು) ಎಂದಿದ್ದರೆ ಹಳೆಯದೇ, ಆದರೆ ಆ ಹೆಸರು ಜನರ ಬಾಯಲ್ಲೂ ಬೋರ್ಡಿನಲ್ಲೂ ಬಹಳ ಕಾಲ ಉಳಿಯಿತು. ಅದೊಂದನ್ನೇ ನಂಬಬೇಡಿ. ಲಂಡನ್ನಿನ ಸ್ಯಾವಿಲ್ ರೋ ಟೈಲರ್‌ಗಳು ಒಳಜೇಬಿನ ಒಳಗೆ ಗಿರಾಕಿಯ ಹೆಸರು, ತಾರೀಕು ಬರೆದು ಅಂಟಿಸುತ್ತಾರೆ. ಬ್ರಿಟನ್ನಿನ ಕೋಟಿನಲ್ಲಿ ಸಿಸಿ41 ಎಂಬ ಗುರುತು ಇದ್ದರೆ ಅದು ಯುದ್ಧಕಾಲದ ಮಿತವ್ಯಯ ಯೋಜನೆಯದು, 1941ರಿಂದ 1952ರ ನಡುವಿನದು. ಒಗೆಯುವ ವಿಧಾನ ಹೇಳುವ ಲೇಬಲ್ ಇದ್ದರೆ ತೀರಾ ಹಳೆಯದಲ್ಲ. ಅಮೆರಿಕದಲ್ಲೇ ಅದು ಕಡ್ಡಾಯವಾದದ್ದು 1972ರಲ್ಲಿ.

ಬಟ್ಟೆ ಉಣ್ಣೆಯೋ ಅಲ್ಲವೋ ಎಂಬ ಅನುಮಾನಕ್ಕೆ ಒಳಹೊಲಿಗೆಯಿಂದ ಒಂದೆಳೆ ತೆಗೆದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಮಿಲಿಟರಿ ಕೋಟು ಹಾಕಿಕೊಳ್ಳಬಹುದಾ?

ಕೊಡಗಿನಲ್ಲಿ ಈ ಪ್ರಶ್ನೆ ಮನೆಗೊಂದು ಇದೆ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕರಂತೆ ಸಮವಸ್ತ್ರ ಹಾಕುವುದು ಕಾನೂನಿನಲ್ಲಿ ಅಪರಾಧ. ಅದು ಬಿಡಿ, ರ‍್ಯಾಂಕ್, ಮೆಡಲ್ ರಿಬ್ಬನ್ ಇರುವ ಯೂನಿಫಾರ್ಮನ್ನು ಮದುವೆಗೆ ಸ್ಟೈಲಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದನ್ನು ಗಳಿಸಿದವರು ತಾತ, ನಾವಲ್ಲ. ರೆಜಿಮೆಂಟಿನ ಬ್ಲೇಜರ್ ಆದರೆ ಎದೆಯ ಬ್ಯಾಡ್ಜ್ ಬಿಚ್ಚಿ ಜೋಪಾನವಾಗಿಟ್ಟು ಕೋಟನ್ನು ಹಾಕಿ.

ಬಟನ್ ಗಮನಿಸಿ. ಕಿರೀಟ ಇದ್ದರೆ ಬ್ರಿಟಿಷರ ಕಾಲದ್ದು. 1950ರ ಜನವರಿ 26ರಿಂದ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು. ಹಿತ್ತಾಳೆ ಬಟನ್ ಉಜ್ಜುವಾಗ ಬಟ್ಟೆಗೆ ಪಾಲಿಶ್ ತಗಲದಂತೆ ನಡುವೆ ಸೀಳಿದ ತಗಡೊಂದನ್ನು ಬಟನ್ನಿನ ಕೆಳಗೆ ತೂರಿಸುತ್ತಾರೆ, ಬಟನ್ ಸ್ಟಿಕ್ ಎಂದು. ಹಳೇ ಟ್ರಂಕಿನ ತಳದಲ್ಲಿ ಹುಡುಕಿ, ಇರುತ್ತದೆ. ಇಲ್ಲದಿದ್ದರೆ ದಪ್ಪ ರಟ್ಟು ಕತ್ತರಿಸಿಕೊಳ್ಳಿ. ಬಂಗಾರದ ಬಣ್ಣ ಲೇಪಿಸಿದ ಬಟನ್ನನ್ನು ಮಾತ್ರ ಪಾಲಿಶ್ ಮಾಡಬೇಡಿ, ಲೇಪ ಹೋಗುತ್ತದೆ.

ಕೋಟಿಗೆ ನಿಜವಾದ ಚರಿತ್ರೆ ಇದ್ದರೆ, ಹಾಕುವುದಕ್ಕೂ ಒಗೆಸುವುದಕ್ಕೂ ಮೊದಲು ಮ್ಯೂಸಿಯಂನವರನ್ನು ಕೇಳಿ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಮಡಿಕೇರಿಯಲ್ಲೇ ಇದೆ. 2021ರ ಫೆಬ್ರವರಿಯಲ್ಲಿ ಅದು ಮ್ಯೂಸಿಯಂ ಆಗಿ ಉದ್ಘಾಟನೆಯಾಯಿತು.

ಕೊಡವ ಗಂಡಸರ ಸಾಂಪ್ರದಾಯಿಕ ಕುಪ್ಯಕ್ಕೂ ಇದೇ ನಿಯಮವಾ?

ಬಹುತೇಕ. ಕುಪ್ಯಕ್ಕೆ ಕ್ಯಾನ್ವಾಸಿನ ತಲೆನೋವು ಇಲ್ಲ. ಮೊಣಕಾಲುದ್ದದ, ಅರ್ಧ ತೋಳಿನ, ಸುತ್ತಿ ಕಟ್ಟುವ ಕೋಟು ಅದು. ಒಳಗೆ ತುಂಬು ತೋಳಿನ ಬಿಳಿ ಶರಟು ಇರುವುದರಿಂದ ಬೆವರು ಅದಕ್ಕೆ ಅಷ್ಟಾಗಿ ಹತ್ತುವುದಿಲ್ಲ. ಕಪ್ಪು ಉಣ್ಣೆಯದಾದರೆ ಬ್ರಷ್, ಗಾಳಿ, ಅಪರೂಪಕ್ಕೆ ಡ್ರೈಕ್ಲೀನ್. ಸವೆಯುವುದು ಸೊಂಟದಲ್ಲಿ, ಚೇಲೆ (ರೇಷ್ಮೆಯ ನಡುಪಟ್ಟಿ) ಬಿಗಿಯುವ ಕಡೆ, ಅದಕ್ಕೆ ಸಿಕ್ಕಿಸುವ ಸಣ್ಣ ಪೀಚೆಕತ್ತಿ ಉಜ್ಜುವ ಕಡೆ. ಒಳಗಿನಿಂದ ಒಂದು ಪಟ್ಟಿ ಹೊಲಿಸಿಕೊಂಡರೆ ಬಾಳಿಕೆ ಹೆಚ್ಚುತ್ತದೆ. ಚೇಲೆಗೆ ನೀರು ಮುಟ್ಟಿಸಬೇಡಿ. ಕೆಂಪು ರೇಷ್ಮೆ ಬಣ್ಣ ಬಿಡುತ್ತದೆ, ಪಕ್ಕದಲ್ಲಿ ಮದುಮಗನ ಬಿಳಿ ಕುಪ್ಯ ಇದ್ದರೆ ಕಥೆ ಮುಗಿಯಿತು. ಮಡಚಿಡದೆ ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿ ಇಡಿ, ಜರಿ ಮುರಿಯುವುದಿಲ್ಲ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳೆಂದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಕುಪ್ಯ ಹೊರಗೆ ಬರುತ್ತಲೇ ಇರುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಸೂಟಿಗಿಂತ ಕುಪ್ಯ ಚೆನ್ನಾಗಿ ಉಳಿದಿದೆ.

ಹಳೇ ಸೂಟು ಹಾಕಿದರೆ ನಾಟಕದ ಪಾತ್ರಧಾರಿ ತರಹ ಕಾಣಿಸಲ್ವಾ?

ತಲೆಯಿಂದ ಕಾಲಿನವರೆಗೆ ಎಲ್ಲವೂ ಹಳೆಯದಾದರೆ ಕಾಣುತ್ತದೆ. ಒಂದೇ ಹಳೆಯದು ಹಾಕಿ. ಟ್ವೀಡ್ ಕೋಟಿನ ಜೊತೆ ಸಾದಾ ಶರಟು, ಈಗಿನ ಪ್ಯಾಂಟು. ನೀಲಿ ಬ್ಲೇಜರ್ ಜೊತೆ ಬೂದು ಪ್ಯಾಂಟು. ಗೆರೆ ಇರುವ ಸೂಟಿನ ಕೋಟನ್ನು ಮಾತ್ರ ಬೇರೆ ಪ್ಯಾಂಟಿಗೆ ಹಾಕಬೇಡಿ, ಪ್ಯಾಂಟು ಕಳೆದುಕೊಂಡವರ ಹಾಗೆ ಕಾಣುತ್ತದೆ.

ಎರಡು ಬಟನ್ನಿನ ಕೋಟಿಗೆ ಮೇಲಿನದು ಮಾತ್ರ ಹಾಕಿ. ಮೂರು ಬಟನ್ನಿನದಕ್ಕೆ ನಡುವಿನದು. ಕೊನೆಯದನ್ನು ಯಾವತ್ತೂ ಹಾಕಬೇಡಿ, ಕೋಟನ್ನು ಕತ್ತರಿಸಿರುವುದೇ ಹಾಗೆ. ಡಬಲ್ ಬ್ರೆಸ್ಟೆಡ್ (ಎದೆಯ ಮೇಲೆ ಎರಡು ಸಾಲು ಬಟನ್ನಿನದು) ಆದರೆ ನಿಂತಾಗ ಬಟನ್ ಹಾಕಿಯೇ ಇರಬೇಕು. ಹಳೇ ಪ್ಯಾಂಟು ಹೊಕ್ಕುಳ ಹತ್ತಿರ ನಿಲ್ಲಲು ಹೊಲಿದದ್ದು. ಈಗಿನ ಅಭ್ಯಾಸದಲ್ಲಿ ಕೆಳಗೆ ಎಳೆದರೆ ಜೋಲುತ್ತದೆ. ಸೊಂಟಪಟ್ಟಿಯಲ್ಲಿ ಆರು ಬಟನ್ ಇದ್ದರೆ ಅದು ಬೆಲ್ಟಿಗಲ್ಲ, ಸಸ್ಪೆಂಡರಿಗೆ. ಒಂದು ದಿನ ಹಾಕಿದ ಕೋಟಿಗೆ ಮರುದಿನ ರಜೆ ಕೊಡಿ, ಬೆವರಿನ ತೇವ ಆರಲಿ.

ಹವೆಯ ವಿಷಯದಲ್ಲಿ ನಾವು ಪುಣ್ಯವಂತರು. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗ್ಗೆ ಸಂಜೆ ಉಣ್ಣೆ ಕೋಟು ನಿಜಕ್ಕೂ ಬೇಕಾಗುತ್ತದೆ. ಮೈಸೂರಿನಲ್ಲಿ ಅದನ್ನೇ ಹಾಕಿಕೊಂಡು ಮಧ್ಯಾಹ್ನ ಓಡಾಡಿ ನೋಡಿ!

ಸತ್ತವರ ಬಟ್ಟೆ ಹಾಕಬಾರದು ಅಂತಾರೆ ಮನೆಯಲ್ಲಿ.

ಮನೆಯ ಹಿರಿಯರು ಬೇಡ ಎಂದರೆ ಜಗಳ ಮಾಡಬೇಡಿ. ನಮ್ಮ ಮನೆಯಲ್ಲಿ ತಾಯಿ ಮೊದಲು ಒಪ್ಪಲಿಲ್ಲ. ಪುತ್ತರಿಯ ದಿನ ನಾನು ಆ ಕೋಟು ಹಾಕಿಕೊಂಡು ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಹೋದಾಗ ತಾತನ ತಂಗಿ ಹತ್ತಿರ ಕರೆದು, ತೋಳು ಮುಟ್ಟಿ ನೋಡಿ, "ಬಟನ್ ಬೇರೆ ಹಾಕ್ಸಿದ್ದೀಯ" ಎಂದರು. ಅಷ್ಟೇ ಅಂದದ್ದು.

ಚರ್ಮದ ಜಾಕೆಟ್?

ಬೂಷ್ಟನ್ನು ಒಣಬಟ್ಟೆಯಿಂದ ಒರೆಸಿ, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ. ನೆರಳಿನಲ್ಲಿ ಒಣಗಿಸಿ, ಒಲೆಯ ಹತ್ತಿರ ಇಟ್ಟರೆ ಸೀಳುತ್ತದೆ. ಲೆದರ್ ಕಂಡೀಶನರ್ ತೆಳ್ಳಗೆ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ. ಬಣ್ಣ ಗಾಢವಾಗುತ್ತದೆ, ಕೊಡಗಿನ ಚಳಿಗೆ ಹೆಪ್ಪುಗಟ್ಟಿ ಬಿಳಿಯಾಗುತ್ತದೆ, ನೀವು ಮತ್ತೆ ಬೂಷ್ಟು ಬಂತು ಎಂದು ನನಗೆ ಫೋನ್ ಮಾಡುತ್ತೀರಿ.

ಒಂದೇ ಒಂದು ತೂತು ಇದೆ. ಬಿಸಾಡುವುದಾ?

ಅಯ್ಯೋ! ರಫೂ ಮಾಡಿಸಿ. ಒಳಹೊಲಿಗೆಯ ಹೆಚ್ಚುವರಿ ಬಟ್ಟೆಯಿಂದಲೇ ಎಳೆ ತೆಗೆದು ತೂತಿನ ಮೇಲೆ ಮರಳಿ ನೇಯುತ್ತಾರೆ. ಟ್ವೀಡ್ ಆದರೆ ಎಲ್ಲಿ ಮಾಡಿದ್ದೆಂದು ನಿಮಗೇ ಸಿಗುವುದಿಲ್ಲ. ನುಣುಪಾದ ನೀಲಿ ಸರ್ಜ್ ಬಟ್ಟೆ ಆದರೆ ಸ್ವಲ್ಪ ಕಾಣುತ್ತದೆ. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಮೈಸೂರಿಗೋ ಬೆಂಗಳೂರಿಗೋ ಕೊಟ್ಟು ತಿಂಗಳು ಕಾಯಬೇಕಾಗಬಹುದು. ಕೊಡುವ ಮೊದಲು ಎರಡು ವಾರ ಫ್ರೀಜರಿನಲ್ಲಿ ಇಡಿ. ಪಾಪ, ಅವರ ಅಂಗಡಿಗೆ ನಮ್ಮ ನುಸಿ ಯಾಕೆ?